ಕಾರು ಬಿಸಿಯಾಗುತ್ತಿದೆಯಾ? ಹೆಡ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಮೇ ತಿಂಗಳ ರಜೆ ಬಂತೆಂದರೆ ಪುಣೆಯ ಕನ್ನಡಿಗರ ಕಾರುಗಳು ಊರಿನ ದಾರಿ ಹಿಡಿಯುತ್ತವೆ. ಕಲಬುರಗಿ, ವಿಜಯಪುರದವರಿಗೆ ಸೊಲ್ಲಾಪುರದ ಬಿಸಿಲು. ಬೆಳಗಾವಿ, ಧಾರವಾಡ, ಹುಬ್ಬಳ್ಳಿಯವರಿಗೆ ಕಾತ್ರಜ್, ಶಿರವಳ ದಾಟಿದ ಮೇಲೆ ಖಂಬಾಟಕಿ ಘಾಟ್. ಸಾಲು ರಜೆಯಲ್ಲಿ ಅಲ್ಲಿ ಬಾನೆಟ್ ಎತ್ತಿ ನಿಂತ ಕಾರುಗಳನ್ನು ನೀವೂ ನೋಡಿರುತ್ತೀರಿ. ತುಂಬಿದ ಡಿಕ್ಕಿ, ಐದು ಜನ, ಏಸಿ ಫುಲ್, ಫಸ್ಟ್ ಗೇರಿನಲ್ಲಿ ಇಂಚಿಂಚು ಹತ್ತುವುದು. ಎಂಜಿನ್ ಕೆಲಸ ಜಾಸ್ತಿ, ರೇಡಿಯೇಟರಿಗೆ ಗಾಳಿ ಕಮ್ಮಿ. ಇಷ್ಟು ದಿನ ಅಡಗಿದ್ದ ಸಣ್ಣ ತೊಂದರೆ ಇಲ್ಲಿ ಹೊರಗೆ ಬೀಳುತ್ತದೆ.

ಆಮೇಲೆ ಗ್ಯಾರೇಜಿಗೆ ಹೋದರೆ ಎರಡೇ ನಿಮಿಷದಲ್ಲಿ ತೀರ್ಪು: "ಹೆಡ್ ಗ್ಯಾಸ್ಕೆಟ್ ಹೋಗಿದೆ." ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿ ಕೂತಿರುವ ಸೀಲ್ ಅದು. ನಿಜವಾಗಿಯೂ ಹೋಗಿರಬಹುದು. ಆದರೆ ಬಿಸಿಯಾದ ಕಾರಿಗೆಲ್ಲ ಗ್ಯಾಸ್ಕೆಟ್ ಹೋಗಿರುವುದಿಲ್ಲ. ಸವೆದ ರೇಡಿಯೇಟರ್ ಕ್ಯಾಪ್, ಸುಟ್ಟ ಫ್ಯೂಸ್, ಅಂಟಿಕೊಂಡ ಥರ್ಮೋಸ್ಟಾಟ್ (ಎಂಜಿನ್ ಕಾದಾಗ ನೀರಿಗೆ ದಾರಿ ಬಿಡುವ ಕವಾಟ), ಇವೂ ಇದೇ ಗೋಳು ಕೊಡುತ್ತವೆ. ಹೆಡ್ ಬಿಚ್ಚುವುದು ದುಬಾರಿ ಕೆಲಸ, ಅದು ಕೊನೆಗೆ ಬರಬೇಕು. ಅದಕ್ಕೆ ಮೊದಲು ಅಗ್ಗದ ಪರೀಕ್ಷೆಯಿಂದ ಶುರುಮಾಡಿ ಒಂದೊಂದೇ ಕಾರಣವನ್ನು ತೆಗೆದುಹಾಕುತ್ತಾ ಹೋಗಬೇಕು. ಆ ದಾರಿಯನ್ನೇ ಇಲ್ಲಿ ಹೇಳುತ್ತೇನೆ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ನಿಮ್ಮ ಸೊಸೈಟಿಯ ಪಾರ್ಕಿಂಗಿನಲ್ಲೇ ಆಗುತ್ತದೆ.

ದಾರಿಯಲ್ಲಿ ತಾಪದ ಮುಳ್ಳು ಮೇಲೇರಿದಾಗ

ಮೊದಲು ಏಸಿ ಆರಿಸಿ. ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ. ಮೇ ತಿಂಗಳಲ್ಲಿ ಇದು ಹಿಂಸೆಯೇ. ಆದರೆ ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್, ಎಂಜಿನ್ನಿನ ಶಾಖವನ್ನು ಒಳಗೆ ಎಳೆದು ಹಾಕುತ್ತದೆ. ಇದರಿಂದ ಒಂದು ಸುಳಿವೂ ಸಿಗುತ್ತದೆ: ಎಂಜಿನ್ ಕಾದಿದ್ದರೂ ಹೀಟರಿನಿಂದ ತಣ್ಣಗಿನ ಗಾಳಿ ಬಂದರೆ ಒಳಗೆ ಕೂಲಂಟ್ (ಎಂಜಿನ್ ತಂಪಾಗಿಡುವ ನೀರು) ಕಮ್ಮಿಯಾಗಿದೆ, ಇಲ್ಲವೇ ಗಾಳಿ ಸಿಕ್ಕಿಕೊಂಡಿದೆ, ಇಲ್ಲವೇ ಪಂಪ್ ನೀರು ತಳ್ಳುತ್ತಿಲ್ಲ.

ಕೆಂಪು ದೀಪ ಹತ್ತಿದರೆ ಅಥವಾ ಹಬೆ ಕಂಡರೆ ಮುಂದೆ ಹೋಗಲೇಬೇಡಿ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ. ಘಾಟಿನಲ್ಲಿ "ಮೇಲೆ ಹತ್ತಿಬಿಟ್ಟರೆ ಸಾಕು" ಅನ್ನಿಸುವುದು ಸಹಜ. ಆದರೆ ಚೆನ್ನಾಗಿದ್ದ ಗ್ಯಾಸ್ಕೆಟ್ ಸುಟ್ಟುಹೋಗುವುದು, ಹೆಡ್ ಬಾಗುವುದು ಆ ಕೊನೆಯ ಒಂದೆರಡು ಕಿಲೋಮೀಟರಿನಲ್ಲೇ. ಹಲವು ಕಾರುಗಳಲ್ಲಿ ಎಂಜಿನ್ ಆರಿಸಿ ಕೀಲಿಯನ್ನು ಆನ್‌ನಲ್ಲಿ ಇಟ್ಟರೆ ಫ್ಯಾನ್ ತಿರುಗುತ್ತಲೇ ಇರುತ್ತದೆ. ಹಾಗೆ ಬಿಡಿ.

ಬಿಸಿ ಎಂಜಿನ್ನಿನ ಕ್ಯಾಪ್ ಮಾತ್ರ ಮುಟ್ಟಬೇಡಿ. ಅದು ಸೀಟಿ ಹೊಡೆಯುವ ಕುಕ್ಕರ್ ಇದ್ದ ಹಾಗೆ. ಒಳಗಿನ ಒತ್ತಡದಿಂದಾಗಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಕ್ಯಾಪ್ ತೆರೆದರೆ ಒತ್ತಡ ಇಳಿದು ಅಷ್ಟೂ ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಮುಕ್ಕಾಲು ಗಂಟೆಯಾದರೂ ಕಾಯಿರಿ. ರೇಡಿಯೇಟರಿನ ಮೇಲಿನ ಹೋಸ್ (ರಬ್ಬರ್ ಕೊಳವೆ) ಕೈಗೆ ತಣ್ಣಗೆ, ಮೆತ್ತಗೆ ಸಿಗಬೇಕು. ಆಮೇಲೆ ದಪ್ಪ ಬಟ್ಟೆ ಹಿಡಿದು ನಿಧಾನ ತಿರುಗಿಸಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವವರನ್ನೂ ತಡೆಯಿರಿ, ಅಲ್ಯುಮಿನಿಯಂ ಹೆಡ್ ಬಿರುಕು ಬಿಡಬಹುದು. ಪೂರ್ತಿ ಆರಿದ ಮೇಲೆ ಗ್ಯಾರೇಜ್ ತಲುಪುವ ಮಟ್ಟಿಗೆ ಕುಡಿಯುವ ನೀರಿನ ಬಾಟಲಿ ಹಾಕಿದರೆ ತಪ್ಪಿಲ್ಲ.

ಗ್ಯಾಸ್ಕೆಟ್ ಮಾಡುವ ಕೆಲಸ

ಎಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ನಡುವೆ ಕೂತಿರುವ ತೆಳು ಹಾಳೆ ಅದು. ಈಗಿನ ಕಾರುಗಳಲ್ಲಿ ಹೆಚ್ಚಾಗಿ ಹಲವು ಪದರದ ಉಕ್ಕಿನದು. ಸಿಲಿಂಡರಿನಲ್ಲಿ ಉರಿಯುವ ಗ್ಯಾಸ್, ಸುತ್ತ ಹರಿಯುವ ಕೂಲಂಟ್, ಮೇಲಕ್ಕೆ ಹೋಗುವ ಆಯಿಲ್, ಈ ಮೂರೂ ಒಂದರೊಳಗೊಂದು ಸೇರದಂತೆ ನೋಡಿಕೊಳ್ಳುತ್ತದೆ. ಎಲ್ಲಿ ಸೀಳಿದೆ ಎನ್ನುವುದರ ಮೇಲೆ ಲಕ್ಷಣ ಬೇರೆಬೇರೆ. ಗ್ಯಾಸ್ ಕೂಲಂಟಿಗೆ ನುಗ್ಗಬಹುದು, ಕೂಲಂಟ್ ಸಿಲಿಂಡರಿಗೆ ಇಳಿಯಬಹುದು, ಆಯಿಲ್ ಜೊತೆ ಬೆರೆಯಬಹುದು, ಸುಮ್ನೆ ಹೊರಗೆ ಸೋರಬಹುದು. ಹಾಗಾಗಿ "ಆಯಿಲ್ ಚೆನ್ನಾಗಿದೆ, ಗ್ಯಾಸ್ಕೆಟ್ ಸರಿ ಇದೆ" ಅನ್ನುವುದೂ ತಪ್ಪು, "ಆಯಿಲ್ ಬೆಳ್ಳಗಾಗಿದೆ, ಗ್ಯಾಸ್ಕೆಟ್ ಹೋಗಿದೆ" ಅನ್ನುವುದೂ ಅವಸರ.

ಮೊದಲ ಪ್ರಶ್ನೆ: ಯಾವಾಗ ಬಿಸಿಯಾಗುತ್ತದೆ?

ಬಾನೆಟ್ ಎತ್ತುವ ಮೊದಲು ಇದನ್ನು ಸರಿಯಾಗಿ ನೆನಪು ಮಾಡಿಕೊಳ್ಳಿ. ಮೆಕ್ಯಾನಿಕ್ ಕೇಳದಿದ್ದರೂ ನೀವೇ ಹೇಳಿ.

ಹಿಂಜೆವಾಡಿಯ ಸಂಜೆ ಟ್ರಾಫಿಕ್ಕಿನಲ್ಲಿ ಏರುತ್ತದೆ, ಹೈವೇಯಲ್ಲಿ 80ರ ವೇಗ ಹಿಡಿದರೆ ಇಳಿಯುತ್ತದೆ ಎಂದಾದರೆ ಅನುಮಾನ ಫ್ಯಾನ್ ಮೇಲೆ. ಓಡುವಾಗ ಗಾಳಿ ತಾನೇ ನುಗ್ಗುತ್ತದೆ, ನಿಂತಾಗ ಫ್ಯಾನೇ ಗತಿ. ಇದಕ್ಕೆ ಉಲ್ಟಾ, ಊರೊಳಗೆ ಸರಿ ಇದ್ದು ಎಕ್ಸ್‌ಪ್ರೆಸ್‌ವೇಯಲ್ಲಿ ಖೋಪೋಲಿಯಿಂದ ಖಂಡಾಲಾಗೆ ಏರುವಾಗ ಬಿಸಿಯಾದರೆ ನೀರಿನ ಹರಿವಿನಲ್ಲಿ ದೋಷ. ರೇಡಿಯೇಟರ್ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ಅರ್ಧ ಮಾತ್ರ ತೆರೆಯುತ್ತಿರಬಹುದು, ಪಂಪ್ ಸವೆದಿರಬಹುದು. ಗ್ಯಾಸ್ಕೆಟ್ಟಿನ ಸಣ್ಣ ಸೀಳೂ ಮೊದಲು ಕಾಣಿಸಿಕೊಳ್ಳುವುದು ಇಂಥ ಏರಿನಲ್ಲೇ, ಯಾಕೆಂದರೆ ಸಿಲಿಂಡರಿನ ಒತ್ತಡ ಆಗ ಜಾಸ್ತಿ. ಏಸಿ ಹಾಕಿದಾಗ ಮಾತ್ರ ಏರಿದರೆ ಮತ್ತೆ ಫ್ಯಾನ್ ನೋಡಿ, ಜೊತೆಗೆ ಕಂಡೆನ್ಸರಿನ ಮುಂದೆ ಅಂಟಿದ ಧೂಳು, ಹುಳುಗಳನ್ನೂ ನೋಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದ ಐದು ನಿಮಿಷಕ್ಕೇ ಬಿಸಿಯಾದರೆ ಕೂಲಂಟ್ ಇಲ್ಲ, ಥರ್ಮೋಸ್ಟಾಟ್ ಮುಚ್ಚಿಕೊಂಡಿದೆ, ಅಥವಾ ಗ್ಯಾಸ್ಕೆಟ್.

ಮುಳ್ಳು ನಿಜ ಹೇಳುತ್ತಿದೆಯಾ ಎನ್ನುವುದೂ ಮುಖ್ಯ. ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ಒಂದು ನೀಲಿ, ಒಂದು ಕೆಂಪು ದೀಪ ಅಷ್ಟೆ. ಮುಳ್ಳಿದ್ದರೂ ಅದು ನಡುವಿನಲ್ಲಿ ಅಲ್ಲಾಡದೆ ಕೂತು ಕೊನೆ ಗಳಿಗೆಯಲ್ಲಿ ಮೇಲೆ ಹಾರುವಂತೆ ಮಾಡಿರುತ್ತಾರೆ. ಕಾರಿನ ಕಂಪ್ಯೂಟರ್ ಓದುವ ಅಗ್ಗದ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ತಂದು ಫೋನಿನಲ್ಲಿ ಕೂಲಂಟ್ ತಾಪ ನೋಡಿ. ಸಾಧಾರಣವಾಗಿ 85ರಿಂದ 100 ಡಿಗ್ರಿ ಸೆಲ್ಸಿಯಸ್ ನಡುವೆ ಆಡುತ್ತದೆ. ಒಂದು ಎಚ್ಚರಿಕೆ: ಕೂಲಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ಸುತ್ತ ನೀರೇ ಇರುವುದಿಲ್ಲ, ಆಗ ಮುಳ್ಳು ಕೆಳಗೇ ಇರಬಹುದು. ಏರಿದ ಮುಳ್ಳು ಇದ್ದಕ್ಕಿದ್ದಂತೆ ಇಳಿದು, ಎಂಜಿನ್ನಿನಿಂದ ಕಟಕಟ ಸದ್ದು ಬಂದರೆ ಸಮಾಧಾನ ಪಡಬೇಡಿ, ತಕ್ಷಣ ಆರಿಸಿ.

ಎರಡನೇ ಪ್ರಶ್ನೆ: ನೀರು ಎಲ್ಲಿಗೆ ಹೋಗುತ್ತಿದೆ?

ಬೆಳಗ್ಗೆ, ತಣ್ಣಗಿರುವಾಗ, ಸಮತಟ್ಟು ಜಾಗದಲ್ಲಿ ನೋಡಿ. ರಿಸರ್ವ್ ಟ್ಯಾಂಕಿನಲ್ಲಿ ಗೆರೆ ಎಲ್ಲಿದೆ? ಪೆನ್ನಿನಿಂದ ಗುರುತು ಹಾಕಿ ನಾಲ್ಕೈದು ದಿನ ಗಮನಿಸಿ. ರೇಡಿಯೇಟರಿಗೇ ಕ್ಯಾಪ್ ಇರುವ ಕಾರಾದರೆ ಟ್ಯಾಂಕ್ ನೋಡಿದರೆ ಸಾಲದು. ಟ್ಯಾಂಕ್ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದೂ ಉಂಟು. ಹಾಗಿದ್ದರೆ ಕ್ಯಾಪ್ ವಾಪಸ್ ನೀರು ಎಳೆಯುತ್ತಿಲ್ಲ ಅಥವಾ ಒಳಗೆ ಗ್ಯಾಸ್ ಸೇರುತ್ತಿದೆ.

ನೀರು ಕಮ್ಮಿಯಾಗುತ್ತಿದ್ದರೆ ಜಾಡು ಹಿಡಿಯಿರಿ. ಕೂಲಂಟ್ ಒಣಗಿದ ಜಾಗದಲ್ಲಿ ಬಿಳಿ, ಹಸಿರು ಅಥವಾ ಗುಲಾಬಿ ಕಲೆ ಉಳಿಯುತ್ತದೆ. ಹೋಸ್ ಕ್ಲಿಪ್‌ಗಳ ಅಂಚು, ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಮತ್ತು ಅಲ್ಯುಮಿನಿಯಂ ಸೇರುವ ಜಾಗ, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಎಲ್ಲದಕ್ಕೂ ಟಾರ್ಚ್ ಹಾಕಿ. ಡ್ಯಾಶ್‌ಬೋರ್ಡ್ ಕೆಳಗಿನ ಮ್ಯಾಟ್ ಎತ್ತಿ ಮುಟ್ಟಿ ನೋಡಿ. ಒದ್ದೆ, ಅಂಟು, ಸಿಹಿ ವಾಸನೆ ಇದ್ದರೆ ಹೀಟರ್ ಕೋರ್ ಸೋರುತ್ತಿದೆ. ಏಸಿ ನೀರಿಗೆ ಅಂಟೂ ಇಲ್ಲ, ವಾಸನೆಯೂ ಇಲ್ಲ. ನೆಲಕ್ಕೆ ಚೆಲ್ಲಿದ ಕೂಲಂಟನ್ನು ಹಾಗೇ ಬಿಡಬೇಡಿ. ರುಚಿ ಸಿಹಿ, ಆದರೆ ವಿಷ. ಪಾರ್ಕಿಂಗಿನ ನಾಯಿ ಬೆಕ್ಕುಗಳು ನೆಕ್ಕಿದರೆ ಸಾಯಬಹುದು.

ಕಣ್ಣಿಗೆ ಏನೂ ಕಾಣದಿದ್ದರೆ ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ಎಂಜಿನ್ ತಣ್ಣಗಿರುವಾಗ ಕೈಪಂಪಿನಿಂದ ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಡುತ್ತಾರೆ, ಸಾಮಾನ್ಯವಾಗಿ 0.9ರಿಂದ 1.1 ಬಾರ್. ಹದಿನೈದು ನಿಮಿಷ ಮುಳ್ಳು ಅಲ್ಲೇ ನಿಂತರೆ ಹೊರಗೆ ಸೋರಿಕೆ ಇಲ್ಲ. ಇಳಿದರೆ ಎಲ್ಲೋ ಹನಿ ಕಾಣಬೇಕು. ಒತ್ತಡ ಇಳಿಯುತ್ತಿದೆ, ಹನಿ ಎಲ್ಲೂ ಇಲ್ಲ ಅಂದರೆ ನೀರು ಒಳಗೇ ಇಳಿಯುತ್ತಿದೆ. ಆಗ ಗ್ಯಾಸ್ಕೆಟ್ ಮೇಲಿನ ಅನುಮಾನಕ್ಕೆ ಬಲ ಬಂತು.

ಅಗ್ಗದ ಮೂರು ಅಪರಾಧಿಗಳು

ಫ್ಯಾನ್. ಏಸಿ ಹಾಕಿದರೆ ತಿರುಗಬೇಕು. ಏಸಿ ಇಲ್ಲದೆ ನಿಲ್ಲಿಸಿಕೊಂಡು ಬಿಟ್ಟರೂ 95–100 ಡಿಗ್ರಿ ಹೊತ್ತಿಗೆ ತಾನಾಗಿ ಶುರುವಾಗಬೇಕು. ಆಗದಿದ್ದರೆ ಫ್ಯೂಸ್ ನೋಡಿ, ಫ್ಯಾನಿನ ರಿಲೇಯನ್ನು (ಕರೆಂಟ್ ಹರಿಸುವ ಸ್ವಿಚ್) ಅದೇ ಥರದ ಇನ್ನೊಂದರ ಜೊತೆ ಅದಲು ಬದಲು ಮಾಡಿ. ಹಲವು ಕಾರುಗಳಲ್ಲಿ ಕೂಲಂಟ್ ಸೆನ್ಸರಿನ ಪ್ಲಗ್ ಕಿತ್ತರೆ ಎಂಜಿನ್ ಕಂಪ್ಯೂಟರ್ ಗಾಬರಿಗೊಂಡು ಫ್ಯಾನ್ ಚಾಲೂ ಮಾಡುತ್ತದೆ. ಆಗ ತಿರುಗಿದರೆ ಮೋಟರ್, ವೈರಿಂಗ್ ಸರಿ, ತಪ್ಪು ಸೆನ್ಸರಿನದು. ಕೈ, ದುಪಟ್ಟಾ ದೂರ ಇರಲಿ, ಎಂಜಿನ್ ಆರಿದ್ದರೂ ಫ್ಯಾನ್ ಹಠಾತ್ತನೆ ತಿರುಗಬಹುದು.

ಥರ್ಮೋಸ್ಟಾಟ್. ಎಂಜಿನ್ ಕಾದ ಮೇಲೆ ಮೇಲಿನ ಹೋಸ್ ಸುಡುತ್ತಿದೆ, ಕೆಳಗಿನದು ತಣ್ಣಗಿದೆ ಎಂದರೆ ನೀರು ಸುತ್ತುತ್ತಿಲ್ಲ. ಬಿಚ್ಚಿ ತಂದು ಹಳೇ ಪಾತ್ರೆಯಲ್ಲಿ ನೀರು ಕಾಯಿಸಿ, ದಾರದಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಹಿಡಿದು ನೋಡಿ. ಅದರ ಮೇಲೆಯೇ 82 ಅಥವಾ 88 ಅಂತ ಒತ್ತಿರುತ್ತಾರೆ. ಆ ತಾಪಕ್ಕೆ ಬಾಯಿ ಬಿಡಲು ಶುರುಮಾಡಿ ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. "ನಮ್ಮ ಹವೆಗೆ ಇದು ಬೇಡ, ತೆಗೆದುಬಿಡ್ತೀನಿ" ಅನ್ನುವ ಮೆಕ್ಯಾನಿಕ್‌ಗಳು ಎಲ್ಲ ಊರಲ್ಲೂ ಇದ್ದಾರೆ. ಒಪ್ಪಬೇಡಿ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸರಿಯಾದ ತಾಪ ಮುಟ್ಟುವುದೇ ಇಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲಿನ ತೇವ ಆರುವುದಿಲ್ಲ, ಸವೆತ ಹೆಚ್ಚುತ್ತದೆ. ಫ್ಯಾನನ್ನು "ಡೈರೆಕ್ಟ್" ಮಾಡಿಕೊಡುವುದೂ, ಅಂದರೆ ಸದಾ ತಿರುಗುವಂತೆ ಜೋಡಿಸುವುದೂ, ಇದೇ ಜಾತಿಯ ರಿಪೇರಿ. ರೋಗ ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ.

ಕ್ಯಾಪ್. ರಬ್ಬರ್ ಸೀಲ್ ಗಟ್ಟಿಯಾಗಿದ್ದರೆ, ಬಿರುಕಿದ್ದರೆ ಬದಲಿಸಿ. ಒತ್ತಡ ನಿಲ್ಲದಿದ್ದರೆ ಕುದಿಬಿಂದು ಇಳಿದು, ಎಲ್ಲ ಸರಿ ಇದ್ದೂ ಕೂಲಂಟ್ ಉಕ್ಕಿ ಹೊರಗೆ ಬರುತ್ತದೆ. ಅದೇ ಒತ್ತಡದ ಅಂಕಿ ಇರುವ ಕ್ಯಾಪ್ ತನ್ನಿ. ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಿಗೆ ಹೋಗುವಾಗ ಹಳೇದನ್ನು ಜೊತೆಗೆ ಒಯ್ಯುವುದು ಒಳ್ಳೆಯದು.

ಗ್ಯಾಸ್ಕೆಟ್ಟೇ ಎಂದು ಅನುಮಾನ ಬಂದರೆ

ರಾತ್ರಿಯಿಡೀ ನಿಂತ ಕಾರು ಬೇಕು. ಸ್ಟಾರ್ಟ್ ಮಾಡುವ ಮೊದಲು ಮೇಲಿನ ಹೋಸ್ ಒತ್ತಿ. ತಣ್ಣಗಿದ್ದೂ ಕಲ್ಲಿನ ಹಾಗೆ ಗಟ್ಟಿ ಇದೆಯಾ? ಕ್ಯಾಪ್ ತಿರುಗಿಸಿದಾಗ ಬುಸ್ ಅನ್ನುತ್ತದೆಯಾ? ನಿನ್ನೆ ನುಗ್ಗಿದ ಗ್ಯಾಸ್ ಇನ್ನೂ ಒಳಗೇ ಕೂತಿದೆ ಎಂದರ್ಥ. ಇದು ಒಳ್ಳೆಯ ಸುಳಿವು, ದುಡ್ಡೂ ಖರ್ಚಿಲ್ಲ.

ಈಗ ರೇಡಿಯೇಟರ್ ಬಾಯಿವರೆಗೆ ನೀರು ತುಂಬಿ, ಕ್ಯಾಪ್ ಹಾಕದೆ, ಬೇರೊಬ್ಬರಿಂದ ಸ್ಟಾರ್ಟ್ ಮಾಡಿಸಿ. ಮೊದಲ ಎರಡು ಮೂರು ನಿಮಿಷ, ಎಂಜಿನ್ ಇನ್ನೂ ತಣ್ಣಗಿರುವಾಗಲೇ, ಬಾಯಿಯನ್ನು ದಿಟ್ಟಿಸಿ ನೋಡಿ. ಒಂದೆರಡು ದೊಡ್ಡ ಗುಳ್ಳೆ ಬಂದು ನಿಂತರೆ ಅದು ಸಿಕ್ಕಿಕೊಂಡಿದ್ದ ಗಾಳಿ. ನಿಲ್ಲದೆ ಸಣ್ಣ ಗುಳ್ಳೆಗಳು ಬರುತ್ತಲೇ ಇದ್ದು, ಎಕ್ಸಲರೇಟರ್ ಒತ್ತಿದಾಗ ಜಾಸ್ತಿಯಾದರೆ ಅದು ಗ್ಯಾಸ್. ಸ್ಟಾರ್ಟ್ ಆಗುತ್ತಿದ್ದಂತೆ ನೀರು ಚಿಮ್ಮಿ ಹೊರಬಂದರೆ ಸೀಳು ದೊಡ್ಡದಿದೆ. ಇತ್ತೀಚೆಗೆ ಕೂಲಂಟ್ ಬದಲಿಸಿದ್ದರೆ ಮೊದಲು ಗಾಳಿಯನ್ನು ಪೂರ್ತಿ ತೆಗೆಸಿ, ಆಮೇಲೆ ಈ ಪರೀಕ್ಷೆ ಮಾಡಿ. ಇಲ್ಲವಾದರೆ ಮೋಸ ಹೋಗುತ್ತೀರಿ.

ಅದೇ ಹೊತ್ತಿಗೆ ಎಂಜಿನ್ ಒಂದರ್ಧ ನಿಮಿಷ ನಡುಗಿ ಆಮೇಲೆ ಸರಿಯಾಯಿತಾ ಗಮನಿಸಿ. ರಾತ್ರಿ ಸಿಲಿಂಡರಿಗೆ ಇಳಿದ ಕೂಲಂಟ್ ಸುಡುವವರೆಗೂ ಆ ನಡುಕ ಇರುತ್ತದೆ. ಸೈಲೆನ್ಸರಿನ ಬಿಳಿ ಹೊಗೆ ಚಳಿ ಬೆಳಗ್ಗೆ ಎಲ್ಲ ಕಾರಿಗೂ ಬರುತ್ತದೆ. ಎಂಜಿನ್ ಕಾದ ಮೇಲೂ ದಟ್ಟವಾಗಿ ಬಂದು ಸಿಹಿ ವಾಸನೆ ಹೊಡೆದರೆ ಮಾತ್ರ ಚಿಂತೆ. ಸ್ಪಾರ್ಕ್ ಪ್ಲಗ್ ಎಲ್ಲವನ್ನೂ ಬಿಚ್ಚಿ ಸಾಲಾಗಿ ಇಡಿ. ಮೂರು ಕಂದು ಬಣ್ಣಕ್ಕಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದರೆ, ಆ ಸಿಲಿಂಡರಿನಲ್ಲಿ ಹಬೆ ಆಡಿದೆ.

ಆಯಿಲ್ ಕ್ಯಾಪ್ ಅಡಿಯ ಹಳದಿ ಮಿಶ್ರಿತ ಬಿಳಿ ನೊರೆಯಿಂದ ಎಷ್ಟೋ ಜನ ಸುಮ್ನೆ ಹೆದರಿದ್ದಾರೆ. ಪುಣೆಯ ಮಳೆಗಾಲದಲ್ಲಿ, ದಿನಾ ನಾಲ್ಕೈದು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ, ಒಳಗಿನ ತೇವವೇ ಹಾಗೆ ನೊರೆಯಾಗುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ. ಅದರ ಮೇಲಿನ ಆಯಿಲ್ ಕೂಡ ಹಾಲು ಹಾಕಿದ ಚಹಾದ ಬಣ್ಣಕ್ಕಿದ್ದು, ಮಟ್ಟ ಮೇಲೇರಿದ್ದರೆ ಕೂಲಂಟ್ ಬೆರೆತಿದೆ. ಹಾಗಿದ್ದರೆ ಸ್ಟಾರ್ಟ್ ಕೂಡ ಮಾಡಬೇಡಿ, ಟೋ ಮಾಡಿಸಿ. ಬೇರಿಂಗುಗಳಿಗೆ ನೀರು ಬೆರೆತ ಆಯಿಲ್ ತಡೆಯುವುದಿಲ್ಲ.

ಬ್ಲಾಕ್ ಟೆಸ್ಟ್

ಎಲ್ಲಕ್ಕಿಂತ ನಾನು ನಂಬುವ ಪರೀಕ್ಷೆ ಇದು. ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಒಂದು ನಳಿಕೆ, ಮೇಲೆ ರಬ್ಬರ್ ಬಲ್ಬ್, ಒಳಗೆ ನೀಲಿ ದ್ರವ. ರೇಡಿಯೇಟರಿನಿಂದ ನಾಲ್ಕು ಬೆರಳಿನಷ್ಟು ಕೂಲಂಟ್ ತೆಗೆದು ಕೆಳಗಿಳಿಸಿ, ಇಲ್ಲವಾದರೆ ಅದೇ ಒಳಗೆ ಎಳೆದುಕೊಂಡು ದ್ರವ ಕೆಡುತ್ತದೆ. ಎಂಜಿನ್ ಕಾಯುವವರೆಗೆ ಓಡಿಸಿ, ನಳಿಕೆಯನ್ನು ರೇಡಿಯೇಟರಿನ ಬಾಯಿಗೆ ಬಿಗಿಯಾಗಿ ಒತ್ತಿ ಬಲ್ಬ್ ಹಿಸುಕುತ್ತಾ ಇರಿ. ರೇಡಿಯೇಟರಿನ ಮೇಲಿನ ಗಾಳಿ ದ್ರವದ ಮೂಲಕ ಗುಳುಗುಳು ಏರುತ್ತದೆ. ಉರಿದ ಗ್ಯಾಸಿನ ಕಾರ್ಬನ್ ಡೈಆಕ್ಸೈಡ್ ಇದ್ದರೆ ನೀಲಿ ಮಂಕಾಗಿ, ಹಸಿರಿಗೆ ತಿರುಗಿ, ಪೆಟ್ರೋಲ್ ಕಾರಿನಲ್ಲಿ ಹಳದಿಯಾಗುತ್ತದೆ. ಡೀಸೆಲ್ಲಿನಲ್ಲಿ ಹಸಿರಿಗೇ ನಿಲ್ಲಬಹುದು, ಅದೂ ಉತ್ತರವೇ.

ನೀಲಿ ಉಳಿದರೆ ಖುಷಿಪಡುವ ಮೊದಲು ಇನ್ನೊಂದು ಸಲ ಮಾಡಿ. ಸಣ್ಣ ಸೀಳು ಐಡಲಿನಲ್ಲಿ ಸಿಕ್ಕಿಬೀಳುವುದಿಲ್ಲ. ಕಾತ್ರಜ್ ಏರು ಹತ್ತಿಸಿ ತಂದು, ಎಂಜಿನ್ ಆರಲು ಬಿಟ್ಟು, ಹುಷಾರಾಗಿ ಕ್ಯಾಪ್ ತೆಗೆದು ಮತ್ತೆ ಪರೀಕ್ಷಿಸಿ. ಕಾರು ದಾರಿಯಲ್ಲೇ ಬಿಸಿಯಾಗುವ ಸ್ಥಿತಿಯಲ್ಲಿದ್ದರೆ ಮಾತ್ರ ಈ ಸಾಹಸ ಬೇಡ.

ಪಿಂಪ್ರಿಯಲ್ಲಿರುವ ನಮ್ಮ ಭಾವನ ಕಾರಿಗೆ ಹೀಗೇ ಆಗಿತ್ತು. ಜುಲೈ ತಿಂಗಳು, ಟ್ಯಾಂಕಿನಿಂದ ಕೂಲಂಟ್ ಉಕ್ಕುತ್ತಿತ್ತು, ಆಯಿಲ್ ಕ್ಯಾಪ್ ಅಡಿ ನೊರೆ. ಒಂದು ಗ್ಯಾರೇಜಿನವರು ಅಷ್ಟು ನೋಡಿಯೇ ಹೆಡ್ ಬಿಚ್ಚಲು ಹೊರಟಿದ್ದರು.

"ತಡ ಮಾಡಿದ್ರೆ ಎಂಜಿನ್ನೇ ಹೋಗುತ್ತಂತೆ," ಎಂದರು ಭಾವ ಫೋನಿನಲ್ಲಿ.

"ಓಡಿಸಬೇಡಿ ಭಾವ, ಆದರೆ ಬಿಚ್ಚಿಸಲೂ ಬೇಡಿ. ಡಿಪ್‌ಸ್ಟಿಕ್ ಹೇಗಿದೆ ನೋಡಿ ಹೇಳಿ."

ಡಿಪ್‌ಸ್ಟಿಕ್ ಸ್ವಚ್ಛವಾಗಿತ್ತು. ಬ್ಲಾಕ್ ಟೆಸ್ಟ್ ಎರಡು ಸಲವೂ ನೀಲಿ. ಕ್ಯಾಪನ್ನು ಟೆಸ್ಟರಿಗೆ ಹಾಕಿ ಪಂಪ್ ಮಾಡಿದರೆ ಒತ್ತಡ ನಿಲ್ಲಲೇ ಇಲ್ಲ, ಸೀಲ್ ಬಿರಿದಿತ್ತು. ಹೊಸ ಕ್ಯಾಪ್ ಹಾಕಿ, ಗಾಳಿ ತೆಗೆಸಿದ ಮೇಲೆ ಉಕ್ಕುವುದು ನಿಂತಿತು.

ಯಾವ ಸಿಲಿಂಡರ್?

ಬ್ಲಾಕ್ ಟೆಸ್ಟ್ ಹಳದಿಯಾದರೆ ಮುಂದಿನದು ಮೆಕ್ಯಾನಿಕ್ ಕೆಲಸ. ಕಂಪ್ರೆಷನ್ ಟೆಸ್ಟಿಗೆ ಎಲ್ಲ ಪ್ಲಗ್ ತೆಗೆದು, ಇಂಧನ ಮತ್ತು ಇಗ್ನಿಷನ್ ನಿಲ್ಲಿಸಿ, ಎಕ್ಸಲರೇಟರ್ ಪೂರ್ತಿ ಒತ್ತಿ ಐದಾರು ಸುತ್ತು ಕ್ರ್ಯಾಂಕ್ ಮಾಡುತ್ತಾರೆ. ಪಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಕಮ್ಮಿ ತೋರಿಸಿದರೆ ಅವುಗಳ ನಡುವೆ ಗ್ಯಾಸ್ಕೆಟ್ ಸೀಳಿರುವುದು ಹೆಚ್ಚುಕಡಿಮೆ ಖಾತ್ರಿ. ಆದರೆ ಕೂಲಂಟಿನ ಕಡೆಗೆ ಸಣ್ಣ ಸೀಳಿದ್ದರೆ ಕಂಪ್ರೆಷನ್ ಸರಿಯಾಗಿಯೇ ಬರಬಹುದು. ಅದಕ್ಕೆ ಲೀಕ್‌ಡೌನ್ ಟೆಸ್ಟ್ ವಾಸಿ. ಪಿಸ್ಟನ್ ಮೇಲಿನ ತುದಿಗೆ ತಂದು ಸಿಲಿಂಡರಿಗೆ ಕಂಪ್ರೆಸರ್ ಗಾಳಿ ಬಿಡುತ್ತಾರೆ. ಯಾವ ಸಿಲಿಂಡರಿಗೆ ಬಿಟ್ಟಾಗ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೋ ಸೋರಿಕೆ ಅಲ್ಲಿದೆ. ಅದು ಗ್ಯಾಸ್ಕೆಟ್ಟಿನದೋ ಹೆಡ್ಡಿನ ಬಿರುಕೋ ಎನ್ನುವುದು ಬಿಚ್ಚಿದ ಮೇಲೆಯೇ ಗೊತ್ತಾಗುವುದು.

ಗ್ಯಾರೇಜಿನಲ್ಲಿ ಮರಾಠಿ ಎರಡು ಮಾತು ಬಂದರೆ ಸಾಕು: "ಆಧೀ ಪ್ರೆಶರ್ ಟೆಸ್ಟ್ ಕರಾ, ಮಗ್ ಹೆಡ್ ಖೋಲಾ." ಮೊದಲು ಟೆಸ್ಟ್, ಆಮೇಲೆ ಹೆಡ್. ಬಿಚ್ಚಿದ ಮೇಲೆ "ಜುನೇ ಪಾರ್ಟ್ ಮಲಾ ಪರತ್ ದ್ಯಾ," ಹಳೇ ಸಾಮಾನು ನನಗೆ ವಾಪಸ್ ಕೊಡಿ. ಸುಟ್ಟ ಗ್ಯಾಸ್ಕೆಟ್ಟಿನಲ್ಲಿ ಸೀಳಿದ ಜಾಗ ಕಪ್ಪಾಗಿ ಕಣ್ಣಿಗೇ ಕಾಣುತ್ತದೆ.

ಬಿಚ್ಚಲೇಬೇಕಾದರೆ

ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡಬೇಡಿ. ಹೆಡ್ ಎಂಜಿನ್ ಮಷಿನ್ ಶಾಪಿಗೆ ಹೋಗಬೇಕು. ಅಲ್ಲಿ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ಬಾಗಿದೆಯಾ ನೋಡುತ್ತಾರೆ. ಬಹಳಷ್ಟು ಸಣ್ಣ ಎಂಜಿನ್ನುಗಳಿಗೆ ಮಿತಿ 0.05 ಮಿ.ಮೀ. ಆಸುಪಾಸು, ನಿಮ್ಮ ಎಂಜಿನ್ನಿನ ಮ್ಯಾನುಯಲ್ ಅಂಕಿಯೇ ಕೊನೆಯ ಮಾತು. ಬಾಗಿದ್ದರೆ ಫೇಸಿಂಗ್, ಅಂದರೆ ಮೇಲ್ಮೈಯನ್ನು ಮಷಿನಿನಲ್ಲಿ ಹೆರೆದು ಸಮ ಮಾಡುವುದು. ಬಿರುಕಿಗೆ ಹೆಡ್ಡಿನ ಪ್ರೆಶರ್ ಟೆಸ್ಟ್ ಬೇರೆ ಮಾಡಿಸಿ. ಬ್ಲಾಕಿನ ಮೇಲ್ಮೈಯನ್ನೂ ಪಟ್ಟಿ ಇಟ್ಟು ನೋಡಲು ಹೇಳಿ, ಇದನ್ನು ಬಹಳ ಜನ ಮರೆಯುತ್ತಾರೆ. ಹಳೇ ಗ್ಯಾಸ್ಕೆಟ್ಟಿನ ಅಂಟನ್ನು ಗ್ರೈಂಡರಿಗೆ ಒರಟು ಡಿಸ್ಕ್ ಹಾಕಿ ಉಜ್ಜುತ್ತಿದ್ದರೆ ನಿಲ್ಲಿಸಿ. ಅಲ್ಯುಮಿನಿಯಂ ಮೆತ್ತಗಿನ ಲೋಹ, ತಗ್ಗು ಬೀಳುತ್ತದೆ.

ಎಳೆದು ಬಿಗಿಯುವ ಜಾತಿಯ (ಬಿಗಿದಾಗ ಹಿಗ್ಗಿ ಹಾಗೇ ಉಳಿಯುವ) ಹೆಡ್ ಬೋಲ್ಟ್ ಇದ್ದರೆ ಹೊಸದೇ ಬೇಕು. ನಡುವಿನಿಂದ ಶುರುಮಾಡಿ ಹೊರಗಡೆಗೆ, ಕಂಪನಿ ಹೇಳಿದ ಕ್ರಮದಲ್ಲಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲೇ ಹಂತಹಂತವಾಗಿ ಬಿಗಿಯಬೇಕು. ಕೈ ಅಂದಾಜು ಎಷ್ಟೇ ಪಳಗಿದ್ದರೂ ಇಲ್ಲಿ ನಡೆಯುವುದಿಲ್ಲ. ಥರ್ಮೋಸ್ಟಾಟ್, ಕ್ಯಾಪ್ ಇದೇ ಕೈಯಲ್ಲಿ ಹೊಸದು ಹಾಕಿಸಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬೆಲ್ಟ್, ವಾಟರ್ ಪಂಪ್ ಕೂಡ. ಆಯಿಲ್, ಫಿಲ್ಟರ್ ಬದಲಿಸಲೇಬೇಕು. ಗ್ಯಾಸ್ಕೆಟ್ ಯಾಕೆ ಹೋಯಿತು ಎನ್ನುವ ಮೂಲ ಕಾರಣ, ಅಂದರೆ ಫ್ಯಾನೋ, ಕಟ್ಟಿದ ರೇಡಿಯೇಟರೋ, ಅದನ್ನು ಬಿಟ್ಟರೆ ಹೊಸ ಗ್ಯಾಸ್ಕೆಟ್ ಕೂಡ ಅದೇ ದಾರಿ ಹಿಡಿಯುತ್ತದೆ. ಬಾಟಲಿಯಲ್ಲಿ ಬರುವ ಲೀಕ್ ನಿಲ್ಲಿಸುವ ಔಷಧಿ ಸುರಿಯಬೇಡಿ. ಅದು ಹೀಟರ್ ಮತ್ತು ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಕಟ್ಟಬಹುದು.

ಕೂಲಂಟ್ ಆರಿಸುವಾಗ ಬಣ್ಣ ನೋಡಿ ಮೋಸ ಹೋಗಬೇಡಿ, ಒಂದೇ ಬಣ್ಣದಲ್ಲಿ ಬೇರೆಬೇರೆ ರಸಾಯನ ಇರುತ್ತದೆ. ಮ್ಯಾನುಯಲ್ ಹೇಳಿದ್ದನ್ನೇ ಹಾಕಿ. ಕಾನ್ಸನ್ಟ್ರೇಟ್ ಆದರೆ ಡಿಮಿನರಲೈಸ್ಡ್ ನೀರಿನೊಂದಿಗೆ ಬೆರೆಸಿ, ಸಾಮಾನ್ಯವಾಗಿ ಅರ್ಧಕ್ಕರ್ಧ. ಬೋರ್‌ವೆಲ್ ನೀರು ಬೇಡವೇ ಬೇಡ, ಒಳಗೆ ಸುಣ್ಣ ಕಟ್ಟುತ್ತದೆ.

ಕಾರು ಕೈಗೆ ಬಂದ ಮೇಲೆ ಹೀಟರ್ ಪೂರ್ತಿ ಬಿಸಿಗೆ ಇಟ್ಟು ಫ್ಯಾನ್ ಎರಡು ಸಲ ಬಂದು ಹೋಗುವವರೆಗೆ ಗ್ಯಾರೇಜಿನಲ್ಲೇ ಓಡಿಸಿ ನೋಡಿ. ಮರುದಿನ ಬೆಳಗ್ಗೆ ತಣ್ಣಗಿರುವಾಗ ಮಟ್ಟ ನೋಡಿ. ಒಳಗಿದ್ದ ಗಾಳಿ ಹೊರಬಂದು ಸ್ವಲ್ಪ ಇಳಿದಿರುತ್ತದೆ, ತುಂಬಿಸಿ. ಮುಂದಿನ ವಾರವೂ ಇಳಿಯುತ್ತಲೇ ಇದ್ದರೆ ಮತ್ತೆ ಬ್ಲಾಕ್ ಟೆಸ್ಟ್ ಮಾಡಿಸಿ. ಅದು ನೀಲಿ ಬಂದ ಮೇಲೆಯೇ ಊರಿನ ಪ್ರಯಾಣಕ್ಕೆ ಡಿಕ್ಕಿ ತುಂಬಿ.